ನೋವೂ ಸ್ವಭಾವವೂ

ಬಹುಕಾಲ ನೋವಿನೊಡನೆ ಬಾಳುವವರನ್ನು ಕುರಿತು ನಮ್ಮ ಜನ ಆಡುವ ಮಾತೊಂದುಂಟು: ‘ಅವರ ಸ್ವಭಾವವೇ ಹಾಗೆ.’ ಮಂಡಿನೋವಿನ ತಾತ ಮೊಮ್ಮಕ್ಕಳ ಮೇಲೆ ರೇಗಿದರೆ ಈ ಮಾತು; ತಲೆನೋವಿನ ಅತ್ತಿಗೆ ಮದುವೆಯ ಮನೆಗೆ ಬಾರದೆ ಉಳಿದರೆ ಈ ಮಾತು; ಸೊಂಟನೋವಿನ ಗುಮಾಸ್ತರು ಕಚೇರಿಯಲ್ಲಿ ಯಾರೊಡನೆಯೂ ಬೆರೆಯದೆ ಇದ್ದರೆ ಅದೇ ಮಾತು. ಆಡುವುದು ಸುಲಭ, ಆಡಿಬಿಟ್ಟರೆ ಮತ್ತೆ ಯೋಚಿಸುವ ಶ್ರಮವೂ ತಪ್ಪುತ್ತದೆ. ಆದರೆ ಈ ಮೂರು ಪದಗಳಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಸ್ವಭಾವ ಹಾಗಿದ್ದುದರಿಂದ ನೋವು ಬಂದಿತೆ, ಅಥವಾ ನೋವು ಬಂದುದರಿಂದ ಸ್ವಭಾವ ಹಾಗಾಯಿತೆ?

ನಾನು ಕನ್ನಡ ಪಾಠ ಹೇಳುವವನು, ವೈದ್ಯನಲ್ಲ. ಆದರೂ ಈ ಪ್ರಶ್ನೆಯನ್ನು ವೈದ್ಯರಿಗೆ ಮಾತ್ರ ಬಿಟ್ಟುಕೊಡಲು ಮನಸ್ಸಾಗದು. ಏಕೆಂದರೆ ಆಸ್ಪತ್ರೆಗಳಲ್ಲಿ ಕೇಳುವ ಮೊದಲೇ ಇದನ್ನು ಕಥೆಗಳಲ್ಲಿ ಕೇಳಿದ್ದಾಗಿದೆ, ಉತ್ತರಗಳನ್ನೂ ಕೊಟ್ಟದ್ದಾಗಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇರುವ ನಮಗೆ ಆ ಎರಡು ಬಗೆಯ ಉತ್ತರಗಳೂ ಅಕ್ಕಪಕ್ಕದಲ್ಲೇ ಸಿಗುತ್ತವೆ. ಜಯನಗರ 5ನೆಯ ಬ್ಲಾಕಿನಲ್ಲಿ ರಾಯರ ಮಠವಿದೆ. ಗುರುವಾರ ಅಲ್ಲಿ ಮೈನೋವಿನವರೂ ಮನೋವ್ಯಥೆಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಪೂರ್ವಕ್ಕೆ ಹೊರಟರೆ, ನಾಲ್ಕು ಮೈಲಿಯೂ ಆಗುವ ಮೊದಲೇ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆ. ಒಂದು ಕಡೆ ದಾಸರ ಕಥೆ, ಇನ್ನೊಂದು ಕಡೆ ಮನಶ್ಶಾಸ್ತ್ರ. ಈ ಎರಡರ ನಡುವೆ ನಡೆದಾಡಿ, ನೋಯುವವರ ಸ್ವಭಾವವನ್ನು ಜನ ಹೇಗೆ ಅರ್ಥಮಾಡಿಕೊಂಡು ಬಂದರು ಎಂಬುದನ್ನು ನೋಡಬಹುದಾಗಿದೆ.

ಮೊದಲು ನಮ್ಮ ಭಾಷೆಯನ್ನೇ ಕೇಳೋಣ. ಕನ್ನಡದಲ್ಲಿ ಎಲ್ಲ ನೋವೂ ಒಂದೇ ರೀತಿ ನೋಯುವುದಿಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಕಾಲು ಸೆಳೆಯುತ್ತದೆ, ಪಕ್ಕೆ ಚುಚ್ಚುತ್ತದೆ, ಕತ್ತು ಹಿಡಿದುಕೊಳ್ಳುತ್ತದೆ, ಸೊಂಟ ಉಳುಕುತ್ತದೆ. 1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ರೋನಾಲ್ಡ್ ಮೆಲ್ಝಾಕ್ ಎಂಬ ವಿದ್ವಾಂಸರು ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ವೈದ್ಯಲೋಕ ಅದನ್ನು ದೊಡ್ಡ ಸಾಧನೆಯೆಂದು ಒಪ್ಪಿಕೊಂಡಿತು, ಒಪ್ಪತಕ್ಕದ್ದೇ. ನಮ್ಮ ಅಜ್ಜಿಯರು ಇಂಥ ಪಟ್ಟಿಯನ್ನು ನಾಲಿಗೆಯ ಮೇಲೆಯೇ ಇಟ್ಟುಕೊಂಡಿದ್ದರು ಎಂದು ಸೇರಿಸಿದರೆ ಆ ಸಾಧನೆಗೆ ಕುಂದಿಲ್ಲ.

ಆದರೆ ನಮ್ಮ ಮಾತುಗಳಲ್ಲಿ ಇನ್ನೊಂದು ವಿಶೇಷವಿದೆ. ದೇಹದ ಬಾಧೆಯನ್ನು ಹೇಳುವ ಮಾತೇ ಗುಣವನ್ನೂ ಹೇಳಿಬಿಡುತ್ತದೆ. ತಲೆ ಸಿಡಿಯುತ್ತಿರುವವನು ಸಿಡುಕುತ್ತಾನೆ. ಎರಡೂ ಒಂದೇ ಬಳಗದ ಮಾತುಗಳೆಂದು ಕಿವಿಗೇ ಗೊತ್ತಾಗುತ್ತದೆ. ಮತ್ಸರಕ್ಕೆ ನಾವಿಟ್ಟ ಹೆಸರು ಹೊಟ್ಟೆಕಿಚ್ಚು. ಸೊಕ್ಕಿದವನಿಗೆ ಪಿತ್ತ ನೆತ್ತಿಗೇರಿದೆ. ಕಾಟ ಕೊಡುವ ಮನುಷ್ಯನೇ ಒಂದು ತಲೆನೋವು. ಹೀಗೆ ಮೈಯನ್ನೂ ಗುಣವನ್ನೂ ಒಂದೇ ದಾರದಲ್ಲಿ ಪೋಣಿಸಿದ ಭಾಷೆಯನ್ನಾಡುವ ಜನ, ಒಬ್ಬನಿಗೆ ನೋವು ಬಂದರೆ ಅವನ ಗುಣದ ಕಡೆಗೆ ಕಣ್ಣು ಹಾಯಿಸುವುದು ಸಹಜವೇ. ಈ ನೋಟದ ಅತ್ಯಂತ ಪ್ರಸಿದ್ಧ ಕಥೆ ನಮ್ಮ ರಾಯಚೂರು ಸೀಮೆಯದು.

ಮಾನ್ವಿಯ ಬಳಿಯ ಬ್ಯಾಗವಟ್ಟಿಯಲ್ಲಿ 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರಾದರು. ಕನ್ನಡದಲ್ಲಿ ಹಾಡುತ್ತ ತಿರುಗುವ ಹರಿದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ವಿಜಯದಾಸರು ಆ ಸೀಮೆಗೆ ಬಂದಿದ್ದಾಗ ಆಚಾರ್ಯರನ್ನು ಊಟಕ್ಕೆ ಕರೆಸಿದರು. ದಾಸರ ಪೂಜೆ ಭಜನೆ ಮುಗಿದು ಎಲೆ ಹಾಕುವವರೆಗೆ ಕಾಯುವ ಮನಸ್ಸು ಆಚಾರ್ಯರಿಗೆ ಇರಲಿಲ್ಲ. ದಾಸರ ಪಂಕ್ತಿಯಲ್ಲಿ ಕೂಡುವ ಮನಸ್ಸೂ ಇರಲಿಲ್ಲ. ‘ನನಗೆ ಹೊಟ್ಟೆನೋವು, ತಡವಾಗಿ ಉಣ್ಣಲಾಗದು’ ಎಂಬ ಅರ್ಥದ ನೆಪ ಹೇಳಿ ಕಳುಹಿಸಿದರಂತೆ. ನೆಪವಾಗಿ ಹೇಳಿದ ನೋವು ನಿಜವಾಗಿಯೇ ಬಂದಿತು. ಔಷಧ ನಾಟಲಿಲ್ಲ, ಉಂಡದ್ದು ಇಳಿಯಲಿಲ್ಲ. ಕಡೆಗೆ ಮಂತ್ರಾಲಯದಲ್ಲಿ ಸೇವೆಗೆ ನಿಂತಾಗ, ವಿಜಯದಾಸರಲ್ಲಿಗೇ ಹೋಗೆಂದು ಕನಸಿನಲ್ಲಿ ಸೂಚನೆಯಾಯಿತು. ಹೋದರು. ವಿಜಯದಾಸರು ಅವರನ್ನು ತಮ್ಮ ಶಿಷ್ಯ ಉತ್ತನೂರಿನ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದು ಕೊಟ್ಟರು, ನೋವು ಹೋಯಿತು. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಕಥೆಯ ಪಾಠಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳುಂಟು, ಮುಖ್ಯಾಂಶ ಇಷ್ಟು.

ಇದು ಸಂಪ್ರದಾಯದ ಕಥೆ. ಚರಿತ್ರೆಯ ದಾಖಲೆಯಂತೆ ಇದನ್ನು ಓದಲಾಗದು. ಆದರೂ ಕಾಲದ ಲೆಕ್ಕ ಹಾಕಿ ನೋಡಬಹುದು. ವಿಜಯದಾಸರು ತೀರಿಕೊಂಡದ್ದು 1755ರಲ್ಲಿ. ಆದ್ದರಿಂದ ಈ ಪ್ರಸಂಗ ನಡೆದಾಗ ಆಚಾರ್ಯರಿಗೆ ಮೂವತ್ತು ತುಂಬಿರಲಾರದು. ಗೋಪಾಲದಾಸರು ಸಂಪ್ರದಾಯದ ಲೆಕ್ಕದಂತೆ 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ಹೋಗಿಬಿಟ್ಟರು. ಜಗನ್ನಾಥದಾಸರು 1809ರವರೆಗೆ, ಎಂಬತ್ತು ದಾಟಿ, ಬಾಳಿದರು. ಸಂಸ್ಕೃತದ ಬಿಂಕದಿಂದ ದಾಸರನ್ನು ದೂರವಿಟ್ಟಿದ್ದವರು ಕನ್ನಡದಲ್ಲಿ, ಭಾಮಿನೀ ಷಟ್ಪದಿಯಲ್ಲಿ, 32 ಸಂಧಿಗಳ ‘ಹರಿಕಥಾಮೃತಸಾರ’ವನ್ನು ಬರೆದರು. ಇಂದಿಗೂ ಜಯನಗರ, ಬನಶಂಕರಿಗಳ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರು ಕೂಡಿ ಅದನ್ನು ಪಾರಾಯಣ ಮಾಡುತ್ತಾರೆ. ಅವರಲ್ಲಿ ನೆಲದ ಮೇಲೆ ಕೂರಲಾರದೆ ಕುರ್ಚಿ ಹಾಕಿಕೊಂಡವರು ಅರ್ಧ ಮಂದಿ ಇರುತ್ತಾರೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಈ ಕಥೆಯಿಂದ ಜನ ತೆಗೆದ ನೀತಿ ಯಾವುದು? ‘ಗರ್ವಪಟ್ಟ, ಅನುಭವಿಸಿದ.’ ಅಂದರೆ ನೋವು ಸ್ವಭಾವದ ಫಲ. ಈ ನೀತಿಯನ್ನು ಒಪ್ಪುವ ಮೊದಲು ಪಕ್ಕದ ಕೇರಳದ ಇನ್ನೊಂದು ಕಥೆಯನ್ನು ಇದರ ಬಳಿಯಲ್ಲಿಟ್ಟು ನೋಡಬೇಕು. ಮೇಲ್ಪತ್ತೂರು ನಾರಾಯಣ ಭಟ್ಟತಿರಿ 16ನೆಯ ಶತಮಾನದ ಕಡೆಯಲ್ಲಿದ್ದ ಸಂಸ್ಕೃತ ಕವಿ. ಅವರ ಗುರು ಅಚ್ಯುತ ಪಿಷಾರಡಿಗಳಿಗೆ ವಾತರೋಗ ಬಂದಿತ್ತು. ಗುರುವಿನ ಬಾಧೆಯನ್ನು ನೋಡಲಾರದೆ ಶಿಷ್ಯ ಅದನ್ನು ತನ್ನ ಮೈಮೇಲೆ ತಂದುಕೊಂಡನೆಂದು ಅಲ್ಲಿನ ಐತಿಹ್ಯ. ಆ ನೋವಿನಲ್ಲೇ ಗುರುವಾಯೂರಿನಲ್ಲಿ ಕುಳಿತು ಅವರು ದಿನಕ್ಕೊಂದರಂತೆ ನೂರು ದಶಕಗಳ ‘ನಾರಾಯಣೀಯ’ವನ್ನು ರಚಿಸಿ ಗುಣಹೊಂದಿದರಂತೆ. ಮಾನ್ವಿಯಲ್ಲಿ ನೋವಿಗೆ ಕಾರಣ ಗರ್ವ. ಗುರುವಾಯೂರಿನಲ್ಲಿ ನೋವಿಗೆ ಕಾರಣ ಗುರುಭಕ್ತಿ. ಗುಣಗಳು ಒಂದಕ್ಕೊಂದು ವಿರುದ್ಧ. ನೋವು ಮಾತ್ರ ಇಬ್ಬರಿಗೂ ಬಂದಿತು. ಎಂದಮೇಲೆ ನೋವನ್ನು ನೋಡಿ ಗುಣವನ್ನು ಊಹಿಸುವುದು ಹೇಗೆ?

ಯೆಹೂದ್ಯರ ಪ್ರಾಚೀನ ಗ್ರಂಥದಲ್ಲಿ ಬರುವ ಯೋಬನ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂಗಾಲಿನಿಂದ ನೆತ್ತಿಯವರೆಗೆ ಹುಣ್ಣೆದ್ದು ಕುಳಿತ ಯೋಬನನ್ನು ನೋಡಲು ಗೆಳೆಯರು ಬರುತ್ತಾರೆ. ಏಳು ದಿನ ಮಾತಿಲ್ಲದೆ ಅವನ ಪಕ್ಕದಲ್ಲಿ ಕುಳಿತಿರುತ್ತಾರೆ. ಅಲ್ಲಿಯವರೆಗೆ ಅವರ ನಡೆ ಸರಿಯಾಗಿತ್ತು. ಆಮೇಲೆ ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಲೇಬೇಕು ಎಂದು ವಾದಕ್ಕೆ ತೊಡಗುತ್ತಾರೆ. ಯೋಬ ಒಪ್ಪುವುದಿಲ್ಲ. ಕಡೆಗೆ ದೇವರೇ ಬಂದು ಗದರಿಸುವುದು ಆ ಗೆಳೆಯರನ್ನು. ಈ ಗೆಳೆಯರು ಪ್ರತಿಯೊಂದು ದೇಶದಲ್ಲಿಯೂ ಪ್ರತಿಯೊಂದು ಕಾಲದಲ್ಲಿಯೂ ಮತ್ತೆ ಮತ್ತೆ ಹುಟ್ಟಿಬಂದಿದ್ದಾರೆ. ಕೆಲವು ಸಲ ಅವರು ವೈದ್ಯರ ಉಡುಪಿನಲ್ಲಿಯೂ ಬಂದದ್ದುಂಟು.

ನಮ್ಮ ಆಯುರ್ವೇದದ ದಾರಿ ಬೇರೆ. ವಾತವಿಲ್ಲದೆ ನೋವಿಲ್ಲ ಎಂಬುದು ಅದರ ಮತ. ವಾತಪ್ರಕೃತಿಯವರು ಬೇಗ ಕೆರಳುವವರು, ಬೇಗ ಅಂಜುವವರು, ಬೇಗ ಕಲಿತು ಬೇಗ ಮರೆಯುವವರು ಎಂದು ಚರಕಸಂಹಿತೆ ವರ್ಣಿಸುತ್ತದೆ. ಅಂದರೆ ಒಂದೇ ಬೇರಿನಿಂದ ಮೈಯ ನೋವೂ ಮನಸ್ಸಿನ ಚಾಂಚಲ್ಯವೂ ಚಿಗುರುತ್ತವೆ. ಒಂದು ಇನ್ನೊಂದರ ತಪ್ಪಲ್ಲ. ಪ್ರಕೃತಿ ಹುಟ್ಟಿನಿಂದ ಬಂದದ್ದು; ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ತಿಳಿದೂ ತಪ್ಪುವುದಕ್ಕೆ ‘ಪ್ರಜ್ಞಾಪರಾಧ’ ಎಂದು ಹೆಸರಿಟ್ಟು ಅದನ್ನೂ ರೋಗದ ಕಾರಣಗಳಲ್ಲಿ ಸೇರಿಸಿದ್ದಾರೆ, ನಿಜ. ಆದರೂ ಒಟ್ಟಿನಲ್ಲಿ ಈ ಶಾಸ್ತ್ರ ರೋಗಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ. ಎಣ್ಣೆ ಸವರಿ ಶಾಖ ಕೊಡುತ್ತದೆ. ಗ್ರೀಕರ ನಾಲ್ಕು ದೇಹರಸಗಳ ಸಿದ್ಧಾಂತವೂ ಮೈಯನ್ನೂ ಗುಣವನ್ನೂ ಹೀಗೆಯೇ ಒಟ್ಟಿಗೆ ಇಟ್ಟಿತ್ತು.

ಹೊಸ ಕಾಲದ ಯೂರೋಪಿನಲ್ಲಿ ಈ ಒಟ್ಟು ಒಡೆಯಿತು. ದೇಹ ಒಂದು ಯಂತ್ರ, ನೋವು ಆ ಯಂತ್ರದ ಗಂಟೆ ಎಂದಾಯಿತು. ಗಾಯವಿದ್ದರೆ ಗಂಟೆ ಬಾರಿಸಬೇಕು. ಗಾಯ ಕಾಣದೆ ಗಂಟೆ ಬಾರಿಸುತ್ತಿದ್ದರೆ? ಆಗ ಉಳಿದದ್ದು ಮನಸ್ಸು. 1892ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಕಾಲುನೋವಿನ ಒಬ್ಬ ತರುಣಿಗೆ ಚಿಕಿತ್ಸೆ ಮಾಡಿದರು. 1895ರಲ್ಲಿ ಬ್ರಾಯರ್ ಅವರೊಡನೆ ಪ್ರಕಟಿಸಿದ ಪುಸ್ತಕದಲ್ಲಿ ಅವಳಿಗೆ ಎಲಿಸಬೆತ್ ಎಂಬ ಕಲ್ಪಿತ ನಾಮವನ್ನಿಟ್ಟರು. ಕಾಯಿಲೆಯ ತಂದೆಯ ಶುಶ್ರೂಷೆಯಲ್ಲಿ ಬಹುಕಾಲ ಕಳೆದ ಆಕೆ ತನ್ನ ಅಕ್ಕನ ಗಂಡನ ಮೇಲಿದ್ದ ಒಲವನ್ನು ತನ್ನಿಂದ ತಾನೇ ಮುಚ್ಚಿಟ್ಟುಕೊಂಡಿದ್ದಳೆಂದೂ ಆ ಒಲವೇ ಕಾಲುನೋವಾಗಿ ತೋರಿತೆಂದೂ ಅವರ ವ್ಯಾಖ್ಯಾನ.

ಈ ಮಾರ್ಗದಲ್ಲಿ ಬಹಳ ದೂರ ನಡೆದವರು ಅಮೆರಿಕದ ರಾಚೆಸ್ಟರಿನ ವೈದ್ಯ ಜಾರ್ಜ್ ಎಂಗೆಲ್. 1959ರಲ್ಲಿ ಅವರು ಬರೆದ ಪ್ರಬಂಧವೊಂದು ಬಹುಕಾಲ ವೈದ್ಯರ ಕೈಪಿಡಿಯಂತಾಗಿತ್ತು. ನೋವಿಗೆ ಒಲಿದ ಒಂದು ಬಗೆಯ ಮನುಷ್ಯರಿದ್ದಾರೆ ಎಂಬುದು ಅವರ ವಾದ. ಒಳಗೊಂದು ಅಪರಾಧಪ್ರಜ್ಞೆ, ಅದಕ್ಕೆ ಪ್ರಾಯಶ್ಚಿತ್ತವಾಗಿ ನೋವು. ಬಾಲ್ಯದಲ್ಲಿ ಪೆಟ್ಟು ತಿಂದವರು, ಗೆಲುವು ಬಂದರೆ ತಾಳಲಾರದವರು, ಪ್ರಿಯರನ್ನು ಕಳೆದುಕೊಂಡು ಅವರ ನೋವನ್ನೇ ತಮ್ಮದಾಗಿ ಮಾಡಿಕೊಂಡವರು. ಶ್ರೀನಿವಾಸಾಚಾರ್ಯರ ಹೊಟ್ಟೆನೋವನ್ನು ಎಂಗೆಲ್ ಅವರ ಮುಂದೆ ಇಟ್ಟಿದ್ದರೆ ಅವರು ಮರುಮಾತಿಲ್ಲದೆ ತಮ್ಮ ಪಟ್ಟಿಗೆ ಸೇರಿಸಿಕೊಳ್ಳುತ್ತಿದ್ದರೆಂದು ತೋರುತ್ತದೆ. ಹಿರಿಯರಿಗೆ ಅವಮಾನ ಮಾಡಿದ ಅಳುಕು, ಅದಕ್ಕೆ ದಂಡವಾಗಿ ಶೂಲೆ. ಮಾನ್ವಿಗೂ ರಾಚೆಸ್ಟರಿಗೂ ಇದ್ದ ಅಂತರ ನಾವು ಎಣಿಸಿದಷ್ಟು ದೊಡ್ಡದಲ್ಲ.

ಇದಕ್ಕೆ ಅಂಕಿಗಳ ಬೆಂಬಲವೂ ಸಿಕ್ಕಿತು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಹ್ಯಾಥವೇ ಮತ್ತು ಮೆಕಿನ್ಲಿ 1943ರಲ್ಲಿ ಹೊರತಂದ ವ್ಯಕ್ತಿತ್ವ ಪರೀಕ್ಷೆಯಲ್ಲಿ ಐನೂರಕ್ಕೂ ಹೆಚ್ಚು ವಾಕ್ಯಗಳಿದ್ದವು. ಒಂದೊಂದಕ್ಕೂ ಹೌದು ಅಥವಾ ಅಲ್ಲ ಎಂದು ಗುರುತು ಹಾಕಬೇಕು. ಬಹುದಿನದ ನೋವಿನವರಲ್ಲಿ ಅನೇಕರ ಅಂಕಗಳನ್ನು ರೇಖೆಯಾಗಿ ಬರೆದರೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಕಾಣುತ್ತಿತ್ತು. ರೋಗಭ್ರಮೆಯ ಅಂಕ ಮೇಲೆ, ಖಿನ್ನತೆಯ ಅಂಕ ಕೆಳಗೆ, ಉನ್ಮಾದದ ಅಂಕ ಮತ್ತೆ ಮೇಲೆ. ಇದನ್ನು ನೋಡಿ, ಮನಸ್ಸಿನ ತೊಡಕೇ ದೇಹದ ನೋವಾಗಿ ಬರುತ್ತದೆ ಎಂದು ಎಷ್ಟೋ ವೈದ್ಯರು ತೀರ್ಮಾನಿಸಿದರು. ಆದರೆ ಆ ವಾಕ್ಯಗಳಲ್ಲಿ ಹಲವು ದೇಹಸ್ಥಿತಿಯನ್ನೇ ಕೇಳುವಂಥವು. ನಿದ್ದೆ ಚೆನ್ನಾಗಿ ಬರುತ್ತದೆಯೆ, ಮೈಯಲ್ಲಿ ನೋವಿದೆಯೆ, ಆಯಾಸವಾಗುತ್ತದೆಯೆ ಎಂಬ ಜಾತಿಯವು. ಬೆನ್ನು ನೋಯುವವನು ಸತ್ಯ ಹೇಳಿದರೆ ಸಾಕು, ರೋಗಭ್ರಮೆಯವನೆಂದು ಅಂಕ ಬೀಳುತ್ತದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆ ಇಂಥ ಕಡೆಗೇ ಹುಟ್ಟಿದಂತಿದೆ.

ಇನ್ನು ನಮ್ಮ ಊರಿಗೆ ಬರೋಣ. 1847ರಲ್ಲಿ ಬೆಂಗಳೂರಿನ ಹುಚ್ಚಾಸ್ಪತ್ರೆಯಾಗಿ ಆರಂಭವಾದದ್ದು 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಮೊದಲ ನಿರ್ದೇಶಕರಾದರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಮನಸ್ಸಿನ ಬೇನೆಗೆಂದು ಅಲ್ಲಿಗೆ ಬಂದವರಲ್ಲಿ ಎಷ್ಟೋ ಮಂದಿ ಬಾಯಿಬಿಟ್ಟು ಹೇಳುತ್ತಿದ್ದುದು ಮೈಕೈ ನೋವಿನ ಮಾತನ್ನೇ. ಅಲ್ಲಿನ ಮನೋವೈದ್ಯ ಸಂತೋಷ್ ಚತುರ್ವೇದಿಯವರು 1980ರ ದಶಕದಲ್ಲಿ ಬಹುಕಾಲದ ನೋವನ್ನೇ ವಿಷಯವಾಗಿಟ್ಟುಕೊಂಡು ಅಧ್ಯಯನ ಮಾಡಿದರು.

1996ರಲ್ಲಿ ಅಲ್ಲಿನ ರಘುರಾಮ್, ಚನ್ನಬಸವಣ್ಣ ಇವರು ಪರದೇಶದ ಮಿಚೆಲ್ ವೈಸ್, ಜೆರಾಲ್ಡ್ ಡೆವಿನ್ಸ್ ಇವರೊಡನೆ ಕೂಡಿ ಪ್ರಕಟಿಸಿದ ಲೇಖನವೊಂದು ನನಗೆ ಬಹಳ ಮುಖ್ಯವೆನಿಸುತ್ತದೆ. ಹೊರರೋಗಿಗಳಾಗಿ ಬಂದ 80 ಮಂದಿಯನ್ನು ಕೂರಿಸಿಕೊಂಡು ಅವರ ಬೇನೆ ಅವರಿಗೆ ಏನಾಗಿ ತೋರುತ್ತದೆ ಎಂದು ಕೇಳಿದರು. ಖಿನ್ನತೆ ಹೆಚ್ಚಾದಂತೆ ಅವಮಾನದ ಭಯವೂ ಹೆಚ್ಚಾಗಿತ್ತು. ಮೈನೋವಿನ ದೂರು ಹೆಚ್ಚಾಗಿದ್ದವರಲ್ಲಿ ಆ ಭಯ ಕಡಿಮೆಯಾಗಿತ್ತು. ಇದರ ಅರ್ಥ ನಮ್ಮಂಥ ಗೃಹಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಮನಸ್ಸು ಸರಿಯಿಲ್ಲ’ ಎಂದರೆ ಮನೆಯ ಹುಡುಗಿಯ ಸಂಬಂಧ ತಪ್ಪಿಹೋಗಬಹುದು, ನೆರೆಹೊರೆಯವರ ನೋಟ ಬದಲಾಗಬಹುದು. ‘ಮೈಕೈ ನೋವು’ ಎಂದರೆ ಎಲ್ಲರಿಗೂ ಇರುವಂಥದೇ. ಯಾರೂ ಬೆರಳು ತೋರಿಸುವುದಿಲ್ಲ. ಮನೋವೈದ್ಯರ ಬಳಿಗೆ ಬಂದ 80 ಮಂದಿಯಿಂದ ಲೋಕದ ನೋವೆಲ್ಲವನ್ನೂ ಅಳೆಯಲಾಗದು, ದಿಟ. ಆದರೆ ನೋವಿನ ಮಾತು ಸುಳ್ಳಲ್ಲ, ಹಟವೂ ಅಲ್ಲ. ಸಮಾಜ ಉಳಿದ ಬಾಗಿಲುಗಳನ್ನು ಮುಚ್ಚಿದ್ದಾಗ ತೆರೆದಿದ್ದ ಒಂದೇ ಬಾಗಿಲಿನಿಂದ ಬಂದ ಮಾತು ಅದಾಗಿರಬಹುದು ಎಂಬುದನ್ನಾದರೂ ಈ ಅಧ್ಯಯನ ತಿಳಿಸಿಕೊಟ್ಟಿದೆ.

ಹಾಗಾದರೆ ಮೊದಲಿನ ಪ್ರಶ್ನೆ ಏನಾಯಿತು? ಸ್ವಭಾವ ಮೊದಲೋ ನೋವು ಮೊದಲೋ? ಇದನ್ನು ತಿಳಿಯುವ ನೇರ ಉಪಾಯ ಒಂದಿದೆ: ನೋವನ್ನು ತೆಗೆದು ನೋಡುವುದು. ಸ್ವಭಾವವೇ ಮೂಲವಾಗಿದ್ದರೆ ನೋವು ಹೋದರೂ ಸ್ವಭಾವ ಉಳಿಯಬೇಕು. 1975ರಲ್ಲಿ ಅಮೆರಿಕದ ಸ್ಟರ್ನ್‌ಬ್ಯಾಕ್ ಮತ್ತು ಟಿಮ್ಮರ್‌ಮನ್ಸ್ ಎಂಬುವರು ನೋವು ತಗ್ಗಿದ ರೋಗಿಗಳಲ್ಲಿ ವ್ಯಕ್ತಿತ್ವ ಪರೀಕ್ಷೆಯ ಅಂಕಗಳೂ ತಗ್ಗಿದುದನ್ನು ತೋರಿಸಿದರು. ಇನ್ನೂ ಬಿಗಿಯಾದ ಪರೀಕ್ಷೆ ಆಸ್ಟ್ರೇಲಿಯದಲ್ಲಿ ನಡೆಯಿತು. 1997ರಲ್ಲಿ ವಾಲಿಸ್, ಲಾರ್ಡ್, ಬೊಗ್ಡುಕ್ ಅದನ್ನು ಪ್ರಕಟಿಸಿದರು. ಮೋಟಾರು ಅಪಘಾತದಲ್ಲಿ ಕತ್ತು ಜಗ್ಗಿ, ಅಲ್ಲಿನ ಒಂದು ಸಣ್ಣ ಕೀಲಿನಿಂದ ಬಹುಕಾಲ ನೋವು ಪಡುತ್ತಿದ್ದ 17 ಮಂದಿ. ಅವರಲ್ಲಿ ಕೆಲವರಿಗೆ ಆ ಕೀಲಿನ ನರವನ್ನು ಬಿಸಿಮಾಡಿ ನೋವಿನ ದಾರಿಯನ್ನು ಕಡಿದರು; ಉಳಿದವರಿಗೆ ಅದೇ ವಿಧಾನವನ್ನು ಬಿಸಿಯಿಲ್ಲದೆ ಮಾಡಿದರು. ಯಾರಿಗೆ ಯಾವುದೆಂಬುದು ರೋಗಿಗಳಿಗೂ ತಿಳಿಯದು. ಮನಸ್ಸಿಗೆಂದು ಯಾವ ಚಿಕಿತ್ಸೆಯನ್ನೂ ಕೊಡಲಿಲ್ಲ. ನೋವು ಪೂರ್ತಿ ಹೋದವರಲ್ಲಿ ಮನಸ್ಸಿನ ಬೇಗುದಿಯೂ ಹೋಯಿತು. ನೋವು ಉಳಿದವರಲ್ಲಿ ಅದೂ ಉಳಿಯಿತು.

ಹದಿನೇಳು ಮಂದಿ ಎಂದರೆ ಒಂದು ತರಗತಿಯ ಅರ್ಧದಷ್ಟೂ ಅಲ್ಲ. ಆದರೂ ಈ ಸಣ್ಣ ಪರೀಕ್ಷೆ ಒಂದು ಹಳೆಯ ಆರೋಪದ ಬುಡವನ್ನು ಅಲುಗಿಸಿತು. ನಾವು ಸ್ವಭಾವವೆಂದು ಕರೆದದ್ದರಲ್ಲಿ ದೊಡ್ಡ ಪಾಲು ನೋವಿನ ನೆರಳಾಗಿತ್ತು.

ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಕ್ಲೋನಿಂಜರ್ ಅವರು 1993ರಲ್ಲಿ ರೂಪಿಸಿದ ವ್ಯಕ್ತಿತ್ವದ ಮಾದರಿಯನ್ನು ಬಳಸಿ ಜರ್ಮನಿಯ ಬಾನ್ ನಗರದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಹುಕಾಲದ ನೋವಿನವರಲ್ಲಿ ಅಪಾಯದ ಅಂಜಿಕೆ ಹೆಚ್ಚಾಗಿಯೂ ತನ್ನ ಬಾಳನ್ನು ತಾನೇ ನಡೆಸಬಲ್ಲೆನೆಂಬ ಧೈರ್ಯ ಕಡಿಮೆಯಾಗಿಯೂ ಕಂಡಿತು. ಅಂಜಿಕೆ ಮೊದಲೇ ಇತ್ತೋ ನೋವು ಕಲಿಸಿತೋ ಎಂಬುದನ್ನು ಒಂದೇ ಸಲ ಅಳೆದು ಹೇಳಲಾಗದು. ಇನ್ನೊಂದು ಗುಣವೂ ಉಂಟು. ಸಣ್ಣ ನೋವಿಗೂ ಆಕಾಶವೇ ಕಳಚಿಬಿತ್ತೆಂದು ಎಣಿಸುವುದು. 1995ರಲ್ಲಿ ಮೈಕೇಲ್ ಸಲಿವನ್ ಮತ್ತು ಸಂಗಡಿಗರು ಇದನ್ನು ಅಳೆಯಲು 13 ವಾಕ್ಯಗಳ ಅಳತೆಗೋಲನ್ನು ಮಾಡಿದರು. ನೋವನ್ನೇ ಮೆಲುಕು ಹಾಕುವುದು, ಅದನ್ನು ದೊಡ್ಡದುಮಾಡಿ ನೋಡುವುದು, ಇನ್ನು ನನ್ನಿಂದಾಗದೆಂದು ಕೈಚೆಲ್ಲುವುದು, ಇವು ಅದರ ಮೂರು ಮುಖಗಳು. ಇವು ಹೆಚ್ಚಾದಷ್ಟೂ ನೋವು ಹೆಚ್ಚುತ್ತದೆ. ನಡೆದಾಡಲು ಹೆದರಿ ಕುಳಿತವನ ಮಂಡಿ ಇನ್ನೂ ಬಿಗಿಯುತ್ತದೆ. 1965ರಲ್ಲಿ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ಸಿದ್ಧಾಂತದಂತೆ ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ. ಮಿದುಳಿನಿಂದ ಇಳಿದುಬರುವ ಸಂದೇಶಗಳು ಅದನ್ನು ತೆರೆಯಲೂ ಬಲ್ಲವು, ಮುಚ್ಚಲೂ ಬಲ್ಲವು. ಭಯವೂ ನೆಮ್ಮದಿಯೂ ಆ ಬಾಗಿಲಿನವರೆಗೆ ಇಳಿಯುತ್ತವೆ. ಆದ್ದರಿಂದ ಮನಸ್ಸಿಗೂ ನೋವಿಗೂ ಸಂಬಂಧವಿದೆ ಎನ್ನುವುದು ತಪ್ಪಲ್ಲ. ಸಂಬಂಧವನ್ನು ಅಪರಾಧವೆಂದು ಓದುವುದು ತಪ್ಪು. ಅಂಜಿಕೆಗೆ ಚಿಕಿತ್ಸೆಯುಂಟು, ಆರೋಪಕ್ಕೆ ಇಲ್ಲ.

ನನ್ನ ದೊಡ್ಡಮ್ಮನ ವಿಷಯವನ್ನು ಇಲ್ಲಿ ಹೇಳಬಹುದೆಂದು ಕಾಣುತ್ತದೆ. ಜಯನಗರದ ಮನೆಯಲ್ಲಿದ್ದ ಆಕೆಗೆ ಮೂವತ್ತು ವರ್ಷ ಅರೆತಲೆನೋವು. ಶುಂಠಿ ತೇದು ಹಣೆಗೆ ಪಟ್ಟು ಹಾಕಿ, ಸೆರಗು ಬಿಗಿದು, ಕಿಟಕಿ ಮುಚ್ಚಿ ಮಲಗುತ್ತಿದ್ದರು. ಆ ಕೋಣೆಯಲ್ಲಿ ಯಾವಾಗಲೂ ಅಮೃತಾಂಜನದ ವಾಸನೆ. ಮಕ್ಕಳು ಸದ್ದು ಮಾಡಿದರೆ ಗದರುತ್ತಿದ್ದರು, ಹಬ್ಬಕ್ಕೆ ಬರುತ್ತೇನೆಂದು ಖಚಿತವಾಗಿ ಎಂದೂ ಹೇಳುತ್ತಿರಲಿಲ್ಲ, ‘ನೋಡೋಣಪ್ಪ’ ಎನ್ನುತ್ತಿದ್ದರು. ಮುಂಗೋಪಿ, ಜಂಬದವಳು, ಜನ ಸೇರದವಳು ಎಂದು ನಂಟರ ಬಾಯಲ್ಲಿ ಅವರಿಗೆ ಮೂರು ಬಿರುದುಗಳಿದ್ದವು. ಐವತ್ತೈದು ದಾಟಿದ ಮೇಲೆ, ಕೆಲವರಲ್ಲಿ ಆಗುವಂತೆ, ಆ ತಲೆನೋವು ತಾನಾಗಿ ವಿರಳವಾಯಿತು. ಆಮೇಲೆ ನಾವು ಕಂಡ ದೊಡ್ಡಮ್ಮ ಬೇರೆಯೇ. ಓಣಿಯ ಹುಡುಗರನ್ನೆಲ್ಲ ಕೂಡಿಸಿ ಚೌಕಾಬಾರ ಆಡಿಸುತ್ತಿದ್ದರು. ನಂಟರು ‘ವಯಸ್ಸಾದ ಮೇಲೆ ಒಳ್ಳೆಯವರಾದರು’ ಎಂದರು. ಆಕೆ ಒಳ್ಳೆಯವರಾದದ್ದಲ್ಲ, ನೋವು ಪಕ್ಕಕ್ಕೆ ಸರಿದು ನಿಂತದ್ದರಿಂದ ಇದ್ದವರು ಕಾಣಿಸಿಕೊಂಡರು, ಅಷ್ಟೆ.

‘ನೋಡೋಣಪ್ಪ’ ಎಂಬ ಆ ಮಾತಿನ ಅರ್ಥ ನಮ್ಮ ಬಡಾವಣೆಯಲ್ಲಿ ಕಣ್ಣಾಡಿಸಿದರೆ ತಿಳಿಯುತ್ತದೆ. 1948ರಲ್ಲಿ ರೂಪುಗೊಂಡ ಜಯನಗರದಲ್ಲಿ ತರುಣರಾಗಿ ನಿವೇಶನ ಕೊಂಡು ಮನೆ ಕಟ್ಟಿದವರ ಪೀಳಿಗೆ ಮುದಿಯಾಗಿ, ಅವರ ಮಕ್ಕಳೂ ಈಗ ಮಂಡಿ ಹಿಡಿದುಕೊಂಡು ಏಳುವ ವಯಸ್ಸಿಗೆ ಬಂದಿದ್ದಾರೆ. ಮಹಡಿಯ ಕೋಣೆ ಬಿಟ್ಟು ಕೆಳಗಿನ ಹಜಾರಕ್ಕೆ ಮಂಚ ತಂದಿದ್ದಾರೆ. ರಾಗಿಗುಡ್ಡದ ಆಂಜನೇಯನಿಗೆ ಕೆಳಗಿನಿಂದಲೇ ಕೈಮುಗಿಯುವವರಿದ್ದಾರೆ. ಮೆಟ್ಟಿಲುಗಳ ಎಣಿಕೆ ಅವರಿಗೆ ಬಾಯಿಪಾಠ. ತರಕಾರಿ ಅಂಗಡಿಗೆ ಹೋಗಿಬರಲು ಎಷ್ಟು ಕಡೆ ನಿಲ್ಲಬೇಕು, ಯಾವ ಮನೆಯ ಕಟ್ಟೆ ಕೂರಲು ಅನುಕೂಲ, ಇಂದು ನಡೆದರೆ ನಾಳೆ ಎಷ್ಟು ತೆರಬೇಕು, ಇದೆಲ್ಲ ಅವರ ಮನಸ್ಸಿನ ಖಾತೆಪುಸ್ತಕದಲ್ಲಿ ಬರೆದಿರುತ್ತದೆ. ಹೊರಗಿನವರಿಗೆ ಇದು ಜಿಪುಣತನವಾಗಿ, ಅನುಮಾನವಾಗಿ, ಒಲ್ಲದ ಮನಸ್ಸಾಗಿ ತೋರುತ್ತದೆ. ವಾಸ್ತವವಾಗಿ ಇದು ಕಡಿಮೆ ಸಂಬಳದಲ್ಲಿ ತಿಂಗಳು ತಳ್ಳುವ ಗೃಹಸ್ಥನ ಲೆಕ್ಕಾಚಾರ. ಸಂಬಳದ ಬದಲು ಇಲ್ಲಿ ಶಕ್ತಿ.

ಎಲ್ಲರೂ ಒಂದೇ ತೆರನಾಗುವುದೂ ಇಲ್ಲ. ಜಾನ್ ಬೊನಿಕಾ ಎಂಬಾತ ಸಿಸಿಲಿಯ ಬಳಿಯ ಒಂದು ಸಣ್ಣ ದ್ವೀಪದಲ್ಲಿ 1917ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಕುಸ್ತಿಯಾಡಿ ಹಣ ಸಂಪಾದಿಸಿ ವೈದ್ಯವಿದ್ಯೆ ಕಲಿತರು. ಅಖಾಡದ ಪೆಟ್ಟುಗಳಿಂದ ಜೀವಮಾನವೆಲ್ಲ ಕೀಲುನೋವನ್ನು ಅನುಭವಿಸಿದರು, ಹಲವು ಶಸ್ತ್ರಚಿಕಿತ್ಸೆಗಳಾದವು. ಆ ಮನುಷ್ಯನೇ 1953ರಲ್ಲಿ ನೋವಿನ ಚಿಕಿತ್ಸೆಯ ಬಗೆಗೆ ಮೊದಲ ದೊಡ್ಡ ಗ್ರಂಥವನ್ನು ಬರೆದದ್ದು. 1973ರಲ್ಲಿ ನೋವಿನ ಅಧ್ಯಯನಕ್ಕೆ ಅಂತರರಾಷ್ಟ್ರೀಯ ಸಂಘ ಹುಟ್ಟಲು ಕಾರಣರಾದದ್ದು. ನೋವು ಒಬ್ಬರನ್ನು ಮೂಲೆಗೆ ನೂಕಿದರೆ ಇನ್ನೊಬ್ಬರನ್ನು ಪರರ ಕಡೆಗೆ ತಿರುಗಿಸುತ್ತದೆ. ಆದರೆ ಬೊನಿಕಾರನ್ನು ತೋರಿಸಿ, ನೀವೇಕೆ ಹಾಗಾಗಲಿಲ್ಲ ಎಂದು ಯಾರನ್ನೂ ಕೇಳಕೂಡದು. ಅದು ಯೋಬನ ಗೆಳೆಯರ ಪ್ರಶ್ನೆಯ ಇನ್ನೊಂದು ರೂಪ.

2020ರಲ್ಲಿ ಅದೇ ಸಂಘ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ ಅದರ ಟಿಪ್ಪಣಿಗಳಲ್ಲಿ ಒಂದು ಅಂಶವನ್ನು ಸೇರಿಸಿತು. ನೋವಿದೆಯೆಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂಬುದು ಅದರ ತಾತ್ಪರ್ಯ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಮೂರು ತಿಂಗಳು ಮೀರಿದ ನೋವಿಗೆ ತನ್ನದೇ ಆದ ಸ್ಥಾನ ದೊರೆತಿದೆ. ಅದು ಬೇರೊಂದು ರೋಗದ ಬಾಲವೂ ಅಲ್ಲ, ಸ್ವಭಾವದ ಬಾಲವೂ ಅಲ್ಲ. ಶಾಸ್ತ್ರ ಇಲ್ಲಿಗೆ ಬಂದು ಮುಟ್ಟಲು ಇಷ್ಟು ಕಾಲ ಹಿಡಿಯಿತು.

ಆದರೆ ಮಾನ್ವಿಯ ಕಥೆಯಲ್ಲಿ ಇದು ಮೊದಲೇ ಇತ್ತೆಂದು ನನಗೆ ತೋರುತ್ತದೆ. ನಾವು ಕಥೆಯ ಮೊದಲರ್ಧವನ್ನು, ಗರ್ವದ ಭಾಗವನ್ನು, ಚೆನ್ನಾಗಿ ನೆನಪಿಟ್ಟುಕೊಂಡೆವು. ಎರಡನೆಯ ಅರ್ಧವನ್ನು ಪವಾಡವೆಂದು ಕೈಮುಗಿದು ದಾಟಿಬಿಟ್ಟೆವು. ಆ ಎರಡನೆಯ ಅರ್ಧದಲ್ಲಿ ವಿಜಯದಾಸರು ನೋವಿನಿಂದ ಬಗ್ಗಿ ಬಂದವರಿಗೆ ‘ಅಂದು ನೀವು ಸುಳ್ಳು ಹೇಳಿದಿರಿ’ ಎನ್ನುವುದಿಲ್ಲ. ಗೋಪಾಲದಾಸರು ‘ನಿಮ್ಮ ಸ್ವಭಾವ ತಿದ್ದಿಕೊಳ್ಳಿ, ಆಮೇಲೆ ನೋಡೋಣ’ ಎನ್ನುವುದಿಲ್ಲ. ನೋವನ್ನು ನೋವೆಂದು ನಂಬಿ ತಮ್ಮ ಆಯುಸ್ಸಿನ ಭಾಗವನ್ನೇ ಕೊಡುತ್ತಾರೆ. ಸ್ವಭಾವ ಬದಲಾದದ್ದು ನೋವು ಹೋದ ಮೇಲೆ, ಮುಂಚೆ ಅಲ್ಲ. ಆಯುಸ್ಸನ್ನು ಧಾರೆಯೆರೆಯುವ ಶಕ್ತಿ ನಮಗಿಲ್ಲ. ಮಹಡಿಯ ಮೆಟ್ಟಿಲ ಬಳಿ ಒಂದು ಕ್ಷಣ ನಿಂತು ಕಾಯುವುದು, ಬಾರದೆ ಉಳಿದವರಿಗೆ ಹಬ್ಬದ ಊಟವನ್ನು ಡಬ್ಬಿಯಲ್ಲಿ ತಲುಪಿಸುವುದು, ‘ಸ್ವಭಾವವೇ ಹಾಗೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ ಅದನ್ನು ನುಂಗಿಕೊಂಡು ‘ಇವತ್ತು ಹೇಗಿದೆ?’ ಎಂದು ಕೇಳುವುದು, ಇಷ್ಟು ನಮ್ಮಿಂದ ಆಗಬಹುದು.